1/48 ಮಿಗ್-21 ಬಿಸ್ ಕಿಟ್‌ಗೆ ರೆಸಿನ್ ಬಿಡಿಭಾಗಗಳು: ಯಾವುದಕ್ಕೆ ಹಣ ಹಾಕಬೇಕು?

ಪ್ರಶ್ನೆ: ಬೆಣ್ಣೆನಗರಿ, ದಾವಣಗೆರೆ

ಎಲ್ಲ ಹಿರಿಯ ಹವ್ಯಾಸಿಗಳಿಗೂ ನಮಸ್ಕಾರ.

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆಯು ಮಿಗ್-21ಕ್ಕೆ ವಿದಾಯ ಹೇಳಿದ ಮೇಲೆ, ಬೀರುವಿನ ಮೇಲೆ ಧೂಳು ಹಿಡಿಯುತ್ತಿದ್ದ ಎಡುವಾರ್ಡ್ ಕಂಪನಿಯ, ನಿಜ ವಿಮಾನದ 1/48 ಅಳತೆಯ ಮಿಗ್-21 ಬಿಸ್ (ಮಿಗ್-21ರ ಒಂದು ಮಾದರಿ) ಪ್ಲಾಸ್ಟಿಕ್ ಮಾಡೆಲ್ ಕಿಟ್ಟನ್ನು ಇನ್ನು ಕಟ್ಟಿಯೇಬಿಡಬೇಕೆಂದು ತೀರ್ಮಾನಿಸಿದ್ದೇನೆ. ನನ್ನಲ್ಲಿರುವುದು ಹಿತ್ತಾಳೆ ಹಾಳೆಯ ಭಾಗಗಳೂ ಬಣ್ಣ ಹಚ್ಚಿದ ಮೀಟರ್ ಫಲಕವೂ ಜೊತೆಗೇ ಬರುವ ಪ್ರೊಫಿಪ್ಯಾಕ್ ಪೆಟ್ಟಿಗೆ. ನಾಸಿಕ್‌ನ ಎಚ್‌ಎಎಲ್‌ನಲ್ಲಿ ತಯಾರಾದ ಭಾರತೀಯ ವಿಮಾನವಾಗಿಯೇ ಇದನ್ನು ರೂಪಿಸಬೇಕೆಂಬುದು ನನ್ನ ಆಸೆ. ಇದುವರೆಗೆ ಪೆಟ್ಟಿಗೆಯಲ್ಲಿ ಬಂದದ್ದನ್ನು ಬಂದ ಹಾಗೆಯೇ ಜೋಡಿಸಿದವನು ನಾನು. ರೆಸಿನ್ (ದ್ರವದಿಂದ ಗಟ್ಟಿಯಾಗಿಸುವ ಒಂದು ಬಗೆಯ ಪ್ಲಾಸ್ಟಿಕ್) ಭಾಗಗಳನ್ನು ಕೈಯಲ್ಲಿ ಹಿಡಿದೂ ನೋಡಿಲ್ಲ.

ಈ ಕಿಟ್‌ಗೆಂದೇ ದೊರೆಯುವ ಬಿಡಿಭಾಗಗಳ ಪಟ್ಟಿಯನ್ನು ನೋಡಿದರೆ ತಲೆ ತಿರುಗುತ್ತದೆ. ಇಡೀ ಕಾಕ್‌ಪಿಟ್, ಬರೀ ಆಸನ, ಚಕ್ರಗಳು, ಹಿಂಬದಿಯ ನಾಝಲ್ (ಎಂಜಿನ್ನಿನ ಬಿಸಿ ಅನಿಲ ಹೊರಬರುವ ಕೊಳವೆ), ರೆಕ್ಕೆಯಡಿಯ ಪೈಲಾನ್‌ಗಳು (ಆಯುಧ ತೂಗುಹಾಕುವ ಆಧಾರಗಳು), ಕ್ಷಿಪಣಿಗಳು ಎಲ್ಲವೂ ಬೇರೆ ಬೇರೆ ಪೊಟ್ಟಣಗಳಲ್ಲಿವೆ. ಎಲ್ಲವನ್ನೂ ತರಿಸಿದರೆ ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿ ಕಿಟ್ಟಿನ ಬೆಲೆಯನ್ನೇ ಮೀರಿಸುತ್ತದೆ. ಹಾಗಾಗಿ ನನ್ನ ಮೊದಲ ಪ್ರಶ್ನೆ ಇಷ್ಟೇ: ಎರಡು ಮೂರು ಪೊಟ್ಟಣಗಳನ್ನು ಮಾತ್ರ ಕೊಳ್ಳುವುದಾದರೆ ಯಾವುವನ್ನು ಕೊಳ್ಳಬೇಕು?

ಎರಡನೆಯದು ಕೆಲಸದ ವಿಧಾನ. ಸಾಮಾನ್ಯ ಪ್ಲಾಸ್ಟಿಕ್ ಸಿಮೆಂಟ್ ರೆಸಿನ್ನಿಗೆ ಹಿಡಿಯುವುದಿಲ್ಲವೆಂದೂ, ಭಾಗಗಳನ್ನು ಗರಗಸದಿಂದ ಕತ್ತರಿಸಬೇಕೆಂದೂ, ಅದರ ಪುಡಿ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದೂ ಓದಿದ್ದೇನೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ನನ್ನ ಕೆಲಸದ ಮೇಜು ಇರುವುದು ಮಹಡಿಯ ಮೇಲಿನ ಶೀಟ್ ಹೊದೆಸಿದ ಕೋಣೆಯಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮೂರ ಬಿಸಿಲು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಆ ಸೆಕೆಯಲ್ಲಿ ರೆಸಿನ್ ಭಾಗಗಳು ಸೊಟ್ಟಗಾಗುತ್ತವೆಯೇ? ಅನುಭವವಿರುವವರು ದಯವಿಟ್ಟು ತಿಳಿಸಬೇಕು.


ಉತ್ತರ: ಏಳುಸುತ್ತು, ಚಿತ್ರದುರ್ಗ

ಬೆಣ್ಣೆನಗರಿಯವರೇ, ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿ ಇದೇ ವಿಮಾನದ ಸುತ್ತ ಹಲವು ವರ್ಷ ದುಡಿದವನು ನಾನು. ನಿವೃತ್ತನಾದ ಮೇಲೆ ಅದನ್ನೇ ಚಿಕ್ಕದಾಗಿ ಕಟ್ಟುತ್ತಿದ್ದೇನೆ. ನನ್ನ ಅಭಿಪ್ರಾಯ ನೇರವಾಗಿದೆ. ಮೊದಲು ಚಕ್ರ, ನಂತರ ಆಸನ, ಹಣ ಉಳಿದರೆ ನಾಝಲ್. ಇಡೀ ಕಾಕ್‌ಪಿಟ್ಟಿನ ಪೊಟ್ಟಣವನ್ನು ಈ ಸಲಕ್ಕೆ ಬಿಟ್ಟುಬಿಡಿ.

ಕಿಟ್ಟಿನ ಭಾಗಗಳು ಉಕ್ಕಿನ ಅಚ್ಚಿನಲ್ಲಿ ತಯಾರಾಗುತ್ತವೆ. ಅಚ್ಚಿನ ಎರಡು ಹೋಳುಗಳು ನೇರವಾಗಿ ಬಿಟ್ಟುಕೊಳ್ಳಬೇಕಾದ್ದರಿಂದ, ಒಳಕ್ಕೆ ಬಾಗಿದ ಅಂಚು, ಮಡಿಕೆ, ಟೊಳ್ಳು ಇವುಗಳನ್ನು ಒಂದೇ ತುಂಡಿನಲ್ಲಿ ತೋರಿಸುವುದು ಕಷ್ಟ. ರೆಸಿನ್ ಭಾಗವನ್ನಾದರೋ ಬಾಗುವ ಸಿಲಿಕೋನ್ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ರಬ್ಬರನ್ನು ಹಿಗ್ಗಿಸಿ ಭಾಗವನ್ನು ಹೊರತೆಗೆಯಬಹುದಾದ್ದರಿಂದ ಅಂಥ ಆಕಾರಗಳೆಲ್ಲ ಸುಲಭವಾಗಿ ಬರುತ್ತವೆ. ಆದರೆ ಸಿಲಿಕೋನ್ ಅಚ್ಚು ಬೇಗ ಸವೆದು ಹರಿಯುತ್ತದೆ, ಎರಕವನ್ನು ಕೈಯಿಂದಲೇ ಹೊಯ್ಯಬೇಕು. ಬೆಲೆ ಹೆಚ್ಚಾಗಿರುವುದು ಆ ಕಾರಣಕ್ಕೆ. ಆದ್ದರಿಂದ ಯಾವ ಭಾಗದಲ್ಲಿ ಉಕ್ಕಿನ ಅಚ್ಚು ಸೋಲುತ್ತದೆಯೋ ಅಲ್ಲಿಗೆ ಮಾತ್ರ ರೆಸಿನ್ ಕೊಳ್ಳುವುದು ಜಾಣತನ.

ಸಾಮಾನ್ಯವಾಗಿ ಕಿಟ್ಟಿನ ಚಕ್ರಗಳು ಎರಡು ಹೋಳಾಗಿ ಬರುತ್ತವೆ. ಕೂಡಿಸಿ ಉಜ್ಜಿದಾಗ ಟೈರಿನ ಗೀರುಗಳೂ ಜೊತೆಗೇ ಅಳಿಸಿಹೋಗುತ್ತವೆ. ರೆಸಿನ್ ಚಕ್ರ ಒಂದೇ ತುಂಡು. ಹಲವು ತಯಾರಕರು ವಿಮಾನದ ಭಾರಕ್ಕೆ ಟೈರು ತುಸು ಅಮುಕಿಕೊಂಡಿರುವುದನ್ನೂ ತೋರಿಸಿರುತ್ತಾರೆ. ಅಂಟಿಸುವಾಗ ಆ ಚಪ್ಪಟೆ ಭಾಗ ಮೂರೂ ಚಕ್ರಗಳಲ್ಲಿ ನೆಲಕ್ಕೇ ಕೂರುವಂತೆ ನೋಡಿಕೊಂಡರಾಯಿತು. ಹೊಸಬರಿಗೆ ಇದಕ್ಕಿಂತ ಸುಲಭವಾದ ರೆಸಿನ್ ಕೆಲಸ ಇನ್ನೊಂದಿಲ್ಲ.

ಆಸನದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಬಿಸ್ ವಿಮಾನದ್ದು ಕೆಎಂ-1 ವರ್ಗದ ಆಸನ. ನಮ್ಮಲ್ಲಿ ಹಿಂದೆ ಇದ್ದ ಎಫ್‌ಎಲ್ ಮಾದರಿಯದು ಹಳೆಯ ಎಸ್‌ಕೆ ಆಸನ. ಅದರ ಕ್ಯಾನಪಿ (ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳ) ಮುಂದಕ್ಕೆ ತೆರೆದುಕೊಳ್ಳುತ್ತಿತ್ತು, ಬಿಸ್‌ನದು ಬಲಕ್ಕೆ ಮಗುಚಿಕೊಳ್ಳುತ್ತದೆ. ಪೊಟ್ಟಣದ ಮೇಲೆ ಬರೀ ಮಿಗ್-21 ಎಂದಿದ್ದರೆ ಸಾಲದು, ಯಾವ ಮಾದರಿಗೆ ಎಂಬುದನ್ನು ಓದಿಯೇ ಕೊಳ್ಳಿ. ಕ್ಯಾನಪಿ ತೆರೆದಿಟ್ಟ ಮಾಡೆಲಿನಲ್ಲಿ ನೋಡುವವರ ಕಣ್ಣು ಮೊದಲು ಹೋಗುವುದು ಆಸನದ ಮೇಲಕ್ಕೆ. ಎರಕದಲ್ಲೇ ಮೂಡಿದ ಬೆಲ್ಟುಗಳು ಮೆತ್ತೆಯ ಮೇಲೆ ಬಟ್ಟೆಯಂತೆ ಬಿದ್ದುಕೊಂಡಿರುತ್ತವೆ. ಹಿತ್ತಾಳೆ ಹಾಳೆಯ ಬೆಲ್ಟುಗಳನ್ನು ಎಷ್ಟು ಬಗ್ಗಿಸಿದರೂ ಆ ಜೋಲು ಸುಲಭಕ್ಕೆ ಬರುವುದಿಲ್ಲ. ಒಳಗಿನ ಬಣ್ಣ ಹಸಿರು ಬೆರೆತ ಢಾಳಾದ ನೀಲಿ. ಅದಕ್ಕೆ ಹೆದರಿ ಬೂದು ಬಣ್ಣ ಬಳಿಯಬೇಡಿ.

ನಾಝಲ್ಲಿನಲ್ಲಿಯೂ ಚಕ್ರದ್ದೇ ತೊಂದರೆ. ಎರಡು ಹೋಳುಗಳನ್ನು ಕೂಡಿಸಿದ ಕೊಳವೆಯ ಒಳಗೋಡೆಯ ಜೋಡಣೆ ಗೆರೆಯನ್ನು ಉಜ್ಜಲು ಬೆರಳು ಹೋಗುವುದಿಲ್ಲ. ಕೊರಾಪುಟ್‌ನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದ ಆರ್-25 ಎಂಜಿನ್ನಿನ ಹಿಂಭಾಗವನ್ನು ಹತ್ತಿರದಿಂದ ನೋಡಿದವರಿಗೆ, ಆ ಸುಟ್ಟ ಕೊಳವೆಯ ಆಳದಲ್ಲಿ ಆಫ್ಟರ್‌ಬರ್ನರಿನ (ಹೆಚ್ಚುವರಿ ಇಂಧನ ಉರಿಸಿ ವೇಗ ಕೊಡುವ ಭಾಗ) ಉಂಗುರಗಳು ಕಾಣುವ ಬಗೆ ಮರೆಯುವುದಿಲ್ಲ. ಅದನ್ನು ರೆಸಿನ್ ಚೆನ್ನಾಗಿ ತೋರಿಸುತ್ತದೆ.

ಕಾಕ್‌ಪಿಟ್ ಬೇಡವೆಂದದ್ದಕ್ಕೆ ಎರಡು ಕಾರಣಗಳಿವೆ. ನಿಮ್ಮ ಪೆಟ್ಟಿಗೆಯಲ್ಲಿ ಬಣ್ಣ ಹಚ್ಚಿದ ಫಲಕ ಈಗಾಗಲೇ ಇದೆ ಎಂಬುದು ಮೊದಲನೆಯದು. ಎರಡನೆಯದು ಈ ವಿಮಾನದ ಒಡಲಿನ ರಚನೆ. ಮೂತಿಯಿಂದ ಒಳಬರುವ ಗಾಳಿಯ ಕಾಲುವೆ ಕಾಕ್‌ಪಿಟ್ಟಿನ ಎರಡೂ ಪಕ್ಕ ಸೀಳಿಕೊಂಡು ಹೋಗುತ್ತದೆ, ಕೆಳಗಡೆ ಮುಂಚಕ್ರದ ಗುಂಡಿ ಬರುತ್ತದೆ. ಇಷ್ಟೆಲ್ಲವೂ ಹೆಬ್ಬೆರಳಿನ ಗಾತ್ರದ ಜಾಗದಲ್ಲಿ ಹಿಡಿಯಬೇಕು. 1/48 ಅಳತೆಯಲ್ಲಿ 1 ಮಿ.ಮೀ. ಪ್ಲಾಸ್ಟಿಕ್ ಎಂದರೆ ನಿಜವಾದ ವಿಮಾನದಲ್ಲಿ 48 ಮಿ.ಮೀ. ದಪ್ಪದ ಗೋಡೆ. ಆ ಗೋಡೆಯನ್ನು ಕಾಗದದಷ್ಟು ತೆಳುವಾಗಿ ಕೆರೆಯದೆ ಕಾಕ್‌ಪಿಟ್ಟಿನ ರೆಸಿನ್ ತೊಟ್ಟಿ ಒಳಗೆ ಕೂರುವುದಿಲ್ಲ. ಕೆರೆಯುವಾಗ ಕೈ ತಪ್ಪಿದರೆ ಒಡಲೇ ತೂತಾಗುತ್ತದೆ.

ಮೂತಿಯ ಪಿಟಾಟ್ ಕೊಳವೆಯನ್ನು (ಹಾರಾಟದ ವೇಗ ಅಳೆಯುವ ಉದ್ದ ಕಡ್ಡಿ) ಮಾತ್ರ ರೆಸಿನ್‌ನಲ್ಲಿ ಹುಡುಕಬೇಡಿ, ಅಷ್ಟು ಸಣ್ಣ ಕಡ್ಡಿ ಮುಟ್ಟಿದರೆ ಮುರಿಯುತ್ತದೆ. ಕಡೆದ ಹಿತ್ತಾಳೆಯದು ಸಿಗುತ್ತದೆ. ಇಲ್ಲವಾದರೆ ಔಷಧದ ಅಂಗಡಿಯ ಇಂಜೆಕ್ಷನ್ ಸೂಜಿಗಳನ್ನು ಒಂದರೊಳಗೊಂದು ತೂರಿಸಿ ಮಾಡಿಕೊಳ್ಳಬಹುದು. ಬಿಸ್‌ನಲ್ಲಿ ಅದು ಮೂತಿಯ ನಟ್ಟನಡುವೆ ಇರದೆ ಬಲಕ್ಕೆ ಸರಿದಿರುತ್ತದೆ ಎಂಬುದನ್ನು ನೆನಪಿಡಿ.


ಉತ್ತರ: ಹಲ್ಲಿನಚ್ಚು, ದಾವಣಗೆರೆ

ಏಳುಸುತ್ತು ಅವರ ಮಾತಿಗೆ ಎದುರಾಡುವಷ್ಟು ವಿಮಾನದ ಜ್ಞಾನ ನನಗಿಲ್ಲ. ಆದರೆ ಕಾಕ್‌ಪಿಟ್ ವಿಷಯದಲ್ಲಿ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಕ್ಯಾನಪಿ ಮುಚ್ಚಿಡುವವರಿಗೆ ಅದು ದಂಡವೇ ಸರಿ. ತೆರೆದಿಡುವವರಿಗೆ, ಅದರಲ್ಲೂ ಪಕ್ಕದ ಗೋಡೆಗಳಲ್ಲಿ ಸ್ವಿಚ್ಚು, ತಂತಿ, ಲಿವರುಗಳ ದಟ್ಟಣೆಯನ್ನು ನೋಡಬಯಸುವವರಿಗೆ, ಚಪ್ಪಟೆ ಹಿತ್ತಾಳೆ ಹಾಳೆ ಆ ತೃಪ್ತಿ ಕೊಡುವುದಿಲ್ಲ. ಗೋಡೆ ಕೆರೆಯುವುದು ಕಷ್ಟವೆಂಬುದನ್ನು ಒಪ್ಪುತ್ತೇನೆ, ಅಸಾಧ್ಯವೆಂಬುದನ್ನು ಒಪ್ಪುವುದಿಲ್ಲ.

ನಾನು ದಂತ ಪ್ರಯೋಗಾಲಯದಲ್ಲಿ ಹಲ್ಲಿನ ಸೆಟ್ಟು, ಕ್ರೌನ್‌ಗಳನ್ನು ತಯಾರಿಸುವವನು. ನಮ್ಮ ಊರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿರುವುದರಿಂದ ಈ ಹವ್ಯಾಸಕ್ಕೆ ಬೇಕಾದ ಎಷ್ಟೋ ಉಪಕರಣಗಳು ದಂತ ಸಾಮಗ್ರಿ ಅಂಗಡಿಗಳಲ್ಲಿ ಕೈಗೆಟುಕುತ್ತವೆ. ಬೆಂಗಳೂರಿನಿಂದ ತರಿಸುವ ಅಗತ್ಯವಿಲ್ಲ. ಅಕ್ರಿಲಿಕ್ ಕೆತ್ತುವ ದುಂಡು ಬರ್‌ಗಳನ್ನು (ತಿರುಗುತ್ತಾ ಕೆರೆಯುವ ಮೊನೆಗಳು) ಮೈಕ್ರೋಮೋಟರಿಗೆ (ಕೈಯಲ್ಲಿ ಹಿಡಿಯುವ ಸಣ್ಣ ಕೊರೆಯುವ ಯಂತ್ರ) ಹಾಕಿ ಅತಿ ನಿಧಾನವಾದ ವೇಗದಲ್ಲಿ ಓಡಿಸಿದರೆ ಒಡಲಿನ ಒಳಗೋಡೆಯನ್ನು ಸಮನಾಗಿ ತೆಳುಗೊಳಿಸಬಹುದು. ವೇಗ ಹೆಚ್ಚಿಸಿದರೆ ಪ್ಲಾಸ್ಟಿಕ್ ಕತ್ತರಿಸುವ ಬದಲು ಕರಗಿ ಬರ್‌ಗೆ ಸುತ್ತಿಕೊಳ್ಳುತ್ತದೆ. ಆಗಾಗ ಒಡಲನ್ನು ದೀಪಕ್ಕೆ ಹಿಡಿದು ನೋಡುತ್ತಿರಿ. ಬೆಳಕು ಒಂದೇ ಹದದಲ್ಲಿ ಹಾಯುತ್ತಿದ್ದರೆ ದಪ್ಪವೂ ಒಂದೇ ಹದದಲ್ಲಿದೆ ಎಂದರ್ಥ. ಒಂದು ಕಡೆ ತೀರಾ ಬೆಳ್ಳಗೆ ಕಂಡರೆ ಅಲ್ಲಿಗೆ ನಿಲ್ಲಿಸಿ. ರೆಸಿನ್ ತೊಟ್ಟಿಯ ತಳವನ್ನೂ ಇದೇ ರೀತಿ ನೋಡಿಕೊಂಡು ಉಜ್ಜಬೇಕು.

ಪೊಟ್ಟಣ ತೆರೆದ ಕೂಡಲೇ ಮಾಡಬೇಕಾದ ಕೆಲಸ ತೊಳೆಯುವುದು. ಅಚ್ಚಿನಿಂದ ಬಿಡಿಸಲು ಬಳಸಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ, ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಅಂಟೂ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ದ್ರವವನ್ನು ಉಗುರುಬೆಚ್ಚಗಿನ ನೀರಿಗೆ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಅನಂತರ ಎರಕದ ಬುಡವನ್ನು (ಭಾಗಕ್ಕೆ ಅಂಟಿಕೊಂಡೇ ಬರುವ ಹೆಚ್ಚುವರಿ ರೆಸಿನ್ ಗಟ್ಟಿ) ಕತ್ತರಿಸಬೇಕು. ಇದಕ್ಕೆಂದೇ ಮಾರುವ ತೆಳು ಗರಗಸ ಇಲ್ಲದಿದ್ದರೆ ಚಿನಿವಾರರ ಉಪಕರಣ ಮಾರುವ ಅಂಗಡಿಯಲ್ಲಿ ಸಿಗುವ ದಾರದಂಥ ಗರಗಸದ ಅಲಗು ಅದಕ್ಕಿಂತಲೂ ಹಿತ. ಭಾಗದ ಅಂಚಿಗೆ ತೀರಾ ತಾಗಿಸಿ ಕತ್ತರಿಸದೆ ಅರ್ಧ ಮಿ.ಮೀ. ಬಿಟ್ಟುಕೊಂಡು, ಉಳಿದದ್ದನ್ನು ವಾಟರ್ ಪೇಪರಿನ ಮೇಲೆ ಉಜ್ಜಿ ತೆಗೆಯಿರಿ.

ಪುಡಿಯ ಬಗ್ಗೆ ನಿಮ್ಮ ಆತಂಕ ಸರಿಯಾಗಿದೆ. ಪಾಲಿಯುರೆಥೇನ್ ರೆಸಿನ್ನಿನ ಪುಡಿ ಹಿಟ್ಟಿಗಿಂತ ನಯ, ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಎನ್-95 ಮಾಸ್ಕ್ ಹಾಕಿಕೊಂಡು, ಅಗಲವಾದ ತಟ್ಟೆಯಲ್ಲಿ ನೀರಿಟ್ಟುಕೊಂಡು, ಗರಗಸವನ್ನೂ ಕಾಗದವನ್ನೂ ಒದ್ದೆ ಮಾಡಿಯೇ ಕೆಲಸ ಮಾಡಿದರೆ ಪುಡಿ ಏಳುವುದಿಲ್ಲ, ಕೆಸರಾಗಿ ತಟ್ಟೆಯಲ್ಲೇ ಉಳಿಯುತ್ತದೆ. ಮೈಕ್ರೋಮೋಟರನ್ನು ಒಣ ರೆಸಿನ್ನಿನ ಮೇಲೆ ಓಡಿಸಬೇಡಿ. ಫ್ಯಾನ್ ಆರಿಸಿ. ಕೊನೆಯಲ್ಲಿ ಮೇಜನ್ನು ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮನೆಯ ಬೇರೆ ಕೆಲಸಕ್ಕೆ ಬಳಸಬೇಡಿ.

ಅಂಟಿಗೆ ಫೆವಿಕ್ವಿಕ್ ಸಾಕು. ಪ್ಲಾಸ್ಟಿಕ್ ಸಿಮೆಂಟ್ ಕಿಟ್ಟಿನ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವಂಥದು. ರೆಸಿನ್ ಅದರಲ್ಲಿ ಕರಗದು. ಫೆವಿಕ್ವಿಕ್‌ನ ಒಂದೇ ತೊಂದರೆಯೆಂದರೆ ತಿದ್ದಿಕೊಳ್ಳಲು ಸಮಯ ಕೊಡುವುದಿಲ್ಲ. ಕಾಕ್‌ಪಿಟ್, ನಾಝಲ್‌ಗಳಂತಹ, ನೇರ ಕೂರಿಸಬೇಕಾದ ಭಾಗಗಳಿಗೆ ಅರಾಲ್ಡೈಟ್ ಬಳಸುವುದು ಉತ್ತಮ. ಫೆವಿಕ್ವಿಕ್‌ನಿಂದ ಸಂದು ತುಂಬಿಸಿದ್ದರೆ ಅದೇ ಹೊತ್ತಿನಲ್ಲಿ ಉಜ್ಜಿಬಿಡಿ. ಮರುದಿನಕ್ಕೆ ಅದು ಸುತ್ತಲಿನ ಪ್ಲಾಸ್ಟಿಕ್ಕಿಗಿಂತ ಗಡುಸಾಗಿ, ಪಕ್ಕದ್ದು ಸವೆದು ಅದು ಮಾತ್ರ ಉಬ್ಬಿ ನಿಲ್ಲುತ್ತದೆ.

ಮುಂದೆ ನೀವೇ ಭಾಗಗಳನ್ನು ಎರಕ ಹೊಯ್ಯುವ ಯೋಚನೆ ಮಾಡಬಹುದು, ಏಕೆಂದರೆ ಎಲ್ಲರೂ ಒಂದು ದಿನ ಆ ಯೋಚನೆ ಮಾಡುತ್ತಾರೆ. ಹಲ್ಲಿನ ಅಳತೆ ತೆಗೆಯುವ ಅಡಿಷನ್ ಸಿಲಿಕೋನ್ ಸಣ್ಣ ಭಾಗಗಳ ಅಚ್ಚಿಗೆ ಬಹಳ ಚೆನ್ನಾಗಿ ಒದಗುತ್ತದೆ. ಕಲಸುವಾಗ ಲೇಟೆಕ್ಸ್ ಕೈಗವಸು ಮಾತ್ರ ಕೂಡದು, ಅದರಲ್ಲಿರುವ ಗಂಧಕದ ಅಂಶದಿಂದ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಆದರೆ ಎರಕಕ್ಕೆ ದಂತ ಅಕ್ರಿಲಿಕ್ ಬೇಡ. ಗಟ್ಟಿಯಾಗುವಾಗ ಅದರ ಗಾತ್ರ ಶೇ. 7ರಷ್ಟು ಕುಗ್ಗುತ್ತದೆ, 25 ಮಿ.ಮೀ. ಎತ್ತರದ ಆಸನದಲ್ಲಿ ಅರ್ಧ ಮಿ.ಮೀ.ಗೂ ಹೆಚ್ಚು ಗಿಡ್ಡವಾಗಬಹುದು. ಅದರ ದ್ರವ ಚೆಲ್ಲಿದರೆ ಕಿಟ್ಟಿನ ಪ್ಲಾಸ್ಟಿಕ್ಕೂ ಕರಗುತ್ತದೆ. ಪಾಲಿಯುರೆಥೇನ್ ಹೊಯ್ಯುವುದಾದರೆ ಮಳೆಗಾಲವನ್ನು ತಪ್ಪಿಸಿ, ಏಕೆಂದರೆ ಅದು ಗಾಳಿಯ ತೇವದೊಡನೆ ವರ್ತಿಸಿ ನೊರೆ ಎಬ್ಬಿಸುತ್ತದೆ. ಕಳೆದುಹೋದ ನಿಮ್ಮದೇ ಕಿಟ್ಟಿನ ಭಾಗವನ್ನು ಮಾಡಿಕೊಳ್ಳುವುದಕ್ಕೂ, ಒಬ್ಬರು ಶ್ರಮಪಟ್ಟು ರೂಪಿಸಿದ ಪೊಟ್ಟಣದ ಭಾಗವನ್ನು ನಕಲು ಹೊಯ್ದು ಹಂಚುವುದಕ್ಕೂ ವ್ಯತ್ಯಾಸವಿದೆ. ಎರಡನೆಯದನ್ನು ನಾನು ಕಳ್ಳತನವೆಂದೇ ಕರೆಯುತ್ತೇನೆ.


ಉತ್ತರ: ಬಯಲುಸೀಮೆ, ಚಳ್ಳಕೆರೆ

ಮೇಲಿನ ಇಬ್ಬರೂ ಎರಕದ ರೆಸಿನ್ನನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ. ಈಗ ಬರುತ್ತಿರುವ ಹೊಸ ಪೊಟ್ಟಣಗಳಲ್ಲಿ ಬಹಳಷ್ಟು ತ್ರೀಡಿ ಮುದ್ರಣದವು; ಎಡುವಾರ್ಡ್‌ನ ಬ್ರಾಸಿನ್ ಸರಣಿಯೂ ಅತ್ತಲೇ ಸಾಗಿದೆ, ಉಕ್ರೇನ್‌ನ ರೆಸ್‌ಕಿಟ್ ಕಂಪನಿಯೂ ಅಂಥ ಭಾಗಗಳನ್ನು ತಯಾರಿಸುತ್ತದೆ. ಎರಡರ ಗುಣ ಬೇರೆ. ಮುದ್ರಿತ ಭಾಗಕ್ಕೆ ದಪ್ಪನೆಯ ಬುಡ ಇರುವುದಿಲ್ಲ, ಕೂದಲೆಳೆಯಂಥ ಹಲವು ಊರುಗೋಲುಗಳ ಮೇಲೆ ಅದು ನಿಂತಿರುತ್ತದೆ. ಅವುಗಳನ್ನು ಒಟ್ಟಿಗೆ ಹಿಡಿದು ಮುರಿದರೆ ಭಾಗದಲ್ಲೇ ಗುಂಡಿ ಬೀಳುತ್ತದೆ. ಚೂಪಾದ ಕಟ್ಟರಿನಿಂದ ಒಂದೊಂದಾಗಿ, ಭಾಗದಿಂದ ತುಸು ದೂರದಲ್ಲಿ ಕತ್ತರಿಸಬೇಕು. ವಸ್ತು ಹೆಚ್ಚು ಪೆಡಸಾದದ್ದರಿಂದ ಕೈಯಿಂದ ನೆಲಕ್ಕೆ ಬಿದ್ದರೆ ತುಂಡಾಗುವುದೇ ಹೆಚ್ಚು. ಬಿಸಿಲಿನ ನೇರಳಾತೀತ ಕಿರಣ ಬೀಳುತ್ತಿದ್ದರೆ ಕಾಲಕ್ರಮದಲ್ಲಿ ಇನ್ನೂ ಪೆಡಸಾಗುತ್ತದೆ, ಆದ್ದರಿಂದ ಬಣ್ಣ ಬಳಿಯುವವರೆಗೆ ಕಿಟಕಿಯ ಬಳಿ ಇಡಬೇಡಿ.

ಶೀಟ್ ಕೋಣೆಯ ಸೆಕೆಯ ಬಗ್ಗೆ ಕೇಳಿದ್ದೀರಿ. ಎರಕದ ಪಾಲಿಯುರೆಥೇನ್ ಬಿಸಿ ನೀರಿನಲ್ಲಿ ಮೆತ್ತಗಾಗುವ ವಸ್ತು. ಶೀಟಿನ ಕೆಳಗಿನ ಸೆಕೆಯಲ್ಲಿ ದಪ್ಪ ಭಾಗಗಳಿಗೆ ಏನೂ ಆಗದು. ತೆಳುವಾದ ಬಾಗಿಲು, ಪೈಲಾನ್, ಕ್ಷಿಪಣಿಯ ರೆಕ್ಕೆಗಳು ಒಂದೇ ಪಕ್ಕಕ್ಕೆ ಒರಗಿ ಬಿದ್ದಿದ್ದರೆ ನಿಧಾನವಾಗಿ ಬಾಗುತ್ತವೆ. ಬೇಸಿಗೆಯಲ್ಲಿ ಪೊಟ್ಟಣಗಳನ್ನು ಕೆಳಗಿನ ಮನೆಯಲ್ಲಿ ಚಪ್ಪಟೆಯಾಗಿ ಮಲಗಿಸಿಡಿ. ಬಾಗಿದ್ದೇ ಆದರೆ ಕುದಿಯುವುದಕ್ಕಿಂತ ತುಸು ಕಡಿಮೆ ಬಿಸಿಯ ನೀರಿನಲ್ಲಿ ಅದ್ದಿ, ಗಾಜಿನ ಮೇಲೆ ಒತ್ತಿ ನೇರ ಮಾಡಿ, ಹಾಗೇ ಹಿಡಿದು ತಣ್ಣೀರು ಬಿಟ್ಟರೆ ಆಕಾರ ನಿಲ್ಲುತ್ತದೆ. ಈ ಉಪಾಯ ಮುದ್ರಿತ ಭಾಗಗಳಿಗೆ ಅಷ್ಟಾಗಿ ಹೊಂದುವುದಿಲ್ಲ; ಅವು ಬಾಗುವುದಕ್ಕಿಂತ ಮುಂಚೆ ಮುರಿಯುತ್ತವೆ.

ಕಾಕ್‌ಪಿಟ್ಟಿನ ವಾದಕ್ಕೆ ಮೂರನೆಯ ದಾರಿಯೊಂದಿದೆ. ಕ್ವಿಂಟಾ ಸ್ಟುಡಿಯೋ ಮುಂತಾದವರು ಉಬ್ಬು ಮುದ್ರಣದ ಡೆಕಾಲ್‌ಗಳನ್ನು (ಮಾಡೆಲಿನ ಮೇಲೆ ಅಂಟಿಸುವ ಚಿತ್ರಹಾಳೆಗಳು) ಮಾರುತ್ತಾರೆ. ಸ್ವಿಚ್ಚು, ಗುಂಡಿ, ಮೀಟರುಗಳೆಲ್ಲ ಬಣ್ಣದ ಸಮೇತ ಉಬ್ಬಿಕೊಂಡಿರುತ್ತವೆ. ಕಿಟ್ಟಿನ ಫಲಕವನ್ನು ನಯವಾಗಿ ಉಜ್ಜಿ ಅದರ ಮೇಲೆ ಅಂಟಿಸಿದರೆ ಮುಗಿಯಿತು. ಒಡಲಿನ ಗೋಡೆಯನ್ನು ಕೆರೆಯುವ ಪ್ರಮೇಯವೇ ಬರುವುದಿಲ್ಲ. ಅದರ ಜೊತೆಗೆ ರೆಸಿನ್ ಆಸನವೊಂದನ್ನು ಕೂರಿಸಿದರೆ ಹಲ್ಲಿನಚ್ಚು ಅವರು ಕೇಳುವ ದಟ್ಟಣೆ, ಏಳುಸುತ್ತು ಅವರು ಕೇಳುವ ಸುರಕ್ಷತೆ ಎರಡೂ ಸಿಗುತ್ತವೆ ಎಂದು ನನ್ನ ಎಣಿಕೆ. ಆದರೆ ಕೊಳ್ಳುವ ಮೊದಲು ಮಾದರಿಯನ್ನು ನೋಡಿ. ಭಾರತದ ಬೈಸನ್ (ಬಿಸ್ ಅನ್ನೇ ಸುಧಾರಿಸಿದ ಮಾದರಿ) ವಿಮಾನದ ಕಾಕ್‌ಪಿಟ್ ಬೇರೆಯೇ, ಅದರ ಮುಂಗಾಜೂ ಒಂದೇ ತುಂಡಿನದು. ನಿಮ್ಮದು ಹಳೆಯ ಬಿಸ್ ಆಗಿರುವುದರಿಂದ ಆ ಭಾಗಗಳು ಹೊಂದುವುದಿಲ್ಲ.


ಮರುಪ್ರಶ್ನೆ: ಬೆಣ್ಣೆನಗರಿ, ದಾವಣಗೆರೆ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಚಕ್ರ, ಆಸನ, ನಾಝಲ್ ಮೂರನ್ನೂ ತರಿಸುವುದೆಂದು ನಿರ್ಧರಿಸಿದ್ದೇನೆ. ಕಾಕ್‌ಪಿಟ್ಟಿಗೆ ಬಯಲುಸೀಮೆಯವರು ಹೇಳಿದ ಡೆಕಾಲ್ ನೋಡುತ್ತೇನೆ. ಹಲ್ಲಿನಚ್ಚು ಅವರು ಇದರಿಂದ ಬೇಸರಿಸಬಾರದು.

ಇನ್ನೊಂದು ಸಂದೇಹ ಉಳಿದಿದೆ. ರೆಸಿನ್ ನಾಝಲ್ ಕಿಟ್ಟಿನದಕ್ಕಿಂತ ಭಾರವಾಗಿರುತ್ತದೆಯಲ್ಲವೇ? ಅದನ್ನು ಹಿಂಬದಿಗೆ ಹಾಕಿದರೆ ವಿಮಾನ ಮುಂಚಕ್ರ ಎತ್ತಿಕೊಂಡು ಬಾಲದ ಮೇಲೆ ಕೂತುಬಿಡುವುದಿಲ್ಲವೇ? ಮೂತಿಗೆ ಎಷ್ಟು ಭಾರ ಹಾಕಬೇಕು?


ಉತ್ತರ: ಏಳುಸುತ್ತು, ಚಿತ್ರದುರ್ಗ

ಒಳ್ಳೆಯ ಸಂದೇಹ. ಒಡಲು ಮುಚ್ಚಿದ ಮೇಲೆ ಈ ಪ್ರಶ್ನೆ ಎದ್ದಿದ್ದರೆ ಉತ್ತರಿಸುವುದು ಕಷ್ಟವಾಗುತ್ತಿತ್ತು.

ಗ್ರಾಂ ಲೆಕ್ಕ ಹೇಳಿ ಪ್ರಯೋಜನವಿಲ್ಲ, ಏಕೆಂದರೆ ಅದು ನೀವು ಹಾಕುವ ಭಾಗಗಳನ್ನೇ ಅವಲಂಬಿಸಿದೆ. ಯಾವುದಕ್ಕೂ ಅಂಟು ಹಾಕದೆ ಒಡಲಿನ ಎರಡು ಹೋಳು, ರೆಕ್ಕೆಗಳು, ಆಸನ, ನಾಝಲ್ ಎಲ್ಲವನ್ನೂ ಮಾಸ್ಕಿಂಗ್ ಟೇಪಿನಿಂದ ಕಟ್ಟಿ. ಹಿಂಚಕ್ರಗಳು ನೆಲ ಮುಟ್ಟುವ ಜಾಗದ ನೇರಕ್ಕೆ ರೆಕ್ಕೆಯ ಕೆಳಗೆ ಒಂದು ಪೆನ್ಸಿಲ್ ಅಡ್ಡ ಇಟ್ಟು, ಅದರ ಮೇಲೆ ವಿಮಾನವನ್ನು ತೂಗಿಬಿಡಿ. ಮೂತಿ ತಾನಾಗಿ ಕೆಳಕ್ಕೆ ಇಳಿಯುವವರೆಗೆ ಮೂತಿಯ ಶಂಕುವಿನ ಬಳಿ ಭಾರವನ್ನು ಸೇರಿಸುತ್ತಾ ಹೋಗಿ, ಇಳಿದ ಮೇಲೂ ಬಣ್ಣ ಮತ್ತು ಹಿಂಬದಿಯ ಸಣ್ಣಪುಟ್ಟ ಭಾಗಗಳ ಲೆಕ್ಕಕ್ಕೆ ಇನ್ನಷ್ಟು ಸೇರಿಸಿ. ನಾಝಲ್ಲಿನ ಎರಕದ ಬುಡವನ್ನು ಪೂರ್ತಿ ಕತ್ತರಿಸಿದ ನಂತರವೇ ಈ ಪರೀಕ್ಷೆ ಮಾಡಬೇಕು. ಬುಡದ ಸಮೇತ ತೂಗಿದರೆ ಲೆಕ್ಕ ತಪ್ಪುತ್ತದೆ. ಮೂತಿಯ ಶಂಕುವಿನ ಒಳಗಿನ ಟೊಳ್ಳು ಭಾರ ಹಾಕಲು ಅತ್ಯಂತ ಸೂಕ್ತವಾದ ಜಾಗ, ಏಕೆಂದರೆ ಚಕ್ರದಿಂದ ಅದು ದೂರವಿದ್ದಷ್ಟೂ ಕಡಿಮೆ ತೂಕ ಸಾಕಾಗುತ್ತದೆ. ಅಲ್ಲಿ ಹಿಡಿಯದಿದ್ದರೆ ಕಾಕ್‌ಪಿಟ್ಟಿನ ಮುಂಭಾಗದ ಗೋಡೆಯ ಮುಂದೆ ಹಾಕಿ.

ಭಾರಕ್ಕೆ ಹರಿಹರದ ಕಡೆ ತುಂಗಭದ್ರೆಯಲ್ಲಿ ಬಲೆ ಬೀಸುವವರು ಬಳಸುವ ಸೀಸದ ಗುಂಡುಗಳು ಚೆನ್ನಾಗಿ ಒದಗುತ್ತವೆ. ಸುತ್ತಿಗೆಯಿಂದ ಬಡಿದು ಬೇಕಾದ ಆಕಾರಕ್ಕೆ ತರಬಹುದು. ಸೀಸ ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಅಂಟಿಸಲು ಅರಾಲ್ಡೈಟ್ ಬಳಸಿ, ಫೆವಿಕಾಲ್ ಖಂಡಿತ ಬೇಡ. ಆ ಜಾತಿಯ ಅಂಟಿನಿಂದ ಹೊರಡುವ ಆಮ್ಲದಿಂದ ಸೀಸ ವರ್ಷಗಳ ನಂತರ ಬಿಳಿ ಪುಡಿಯಾಗಿ ಉಬ್ಬುತ್ತದೆ, ಮುಚ್ಚಿದ ಮೂತಿಯನ್ನು ಒಳಗಿನಿಂದಲೇ ಸೀಳಿಬಿಡುತ್ತದೆ.